ಮಕ್ಕಳ ಕೈಗೆ ಸಾಮಾನು ಕೊಡಿ, ಸಮಯ ಕೊಡಿ: ಶಾಲಾ ವಿಜ್ಞಾನ ಕಾರ್ಯಾಗಾರಗಳ ಬಗ್ಗೆ ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ, ಶಿಕ್ಷಣ ಇಲಾಖೆಗಳ ಅಧಿಕಾರಿಗಳಿಗೆ, ಮಕ್ಕಳ ವಿಜ್ಞಾನ ಕಾರ್ಯಾಗಾರಗಳಿಗೆ ಹಣ ಕೊಡುವ ಸಂಸ್ಥೆಗಳಿಗೆ,

ಮಾನ್ಯರೇ,

ಶಾಲೆಗಳಲ್ಲಿ ಮಕ್ಕಳಿಗಾಗಿ ವಿಜ್ಞಾನ ಕಾರ್ಯಾಗಾರ ನಡೆಸಲು ನೀವು ಅನುಮತಿ ಕೊಡುತ್ತೀರಿ, ಹಣ ಹೊಂದಿಸುತ್ತೀರಿ, ಒಂದು ದಿನದ ಪಾಠವನ್ನು ಬಿಟ್ಟುಕೊಡುತ್ತೀರಿ. ಪಠ್ಯ ಮುಗಿಸುವ ಒತ್ತಡದ ನಡುವೆ ಇದು ಸುಲಭವಲ್ಲ. ಚಿಕ್ಕ ಮಕ್ಕಳ ಜೊತೆ ಕೂತು ಪ್ರಯೋಗ ಮಾಡಿಸುವ ಕೆಲಸದಲ್ಲಿರುವ ನನಗೆ ಇದರಿಂದ ಖುಷಿಯಾಗಬೇಕು. ಖುಷಿ ಇದೆ ಕೂಡ. ಆದರೆ ಆ ಹೆಸರಿನಲ್ಲಿ ನಡೆಯುವುದನ್ನು ನೋಡಿದಾಗ ಸಂಕಟವೂ ಆಗುತ್ತದೆ. ಅದಕ್ಕೇ ಈ ಪತ್ರ.

ಬಹಳಷ್ಟು ಕಾರ್ಯಾಗಾರಗಳು ಹೇಗಿರುತ್ತವೆ ಎಂದು ನಿಮಗೂ ಗೊತ್ತು. ದೊಡ್ಡ ಹಾಲ್‌ನಲ್ಲಿ ಇಡೀ ಶಾಲೆಯ ಮಕ್ಕಳನ್ನು ಕೂರಿಸುತ್ತಾರೆ. ವೇದಿಕೆಯ ಮೇಲೆ ಬಿಳಿ ಕೋಟು ಹಾಕಿಕೊಂಡವರು ನಿಂತಿರುತ್ತಾರೆ. ಹೊಗೆ ಬರುತ್ತದೆ, ಢಂ ಎಂದು ಸದ್ದಾಗುತ್ತದೆ, ನೀರಿನ ಬಣ್ಣ ಬದಲಾಗುತ್ತದೆ. ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುವ ದ್ರವ ನೈಟ್ರೋಜನ್‌ನಲ್ಲಿ ಹೂವನ್ನು ಅದ್ದಿ, ಪುಡಿ ಮಾಡಿ ತೋರಿಸುತ್ತಾರೆ. ಮಕ್ಕಳು ಕಿರುಚುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಸಾಲಿನಿಂದ ಮೂರ್ನಾಲ್ಕು ಜನರನ್ನು ವೇದಿಕೆಗೆ ಕರೆಯುತ್ತಾರೆ. ಕೊನೆಗೆ ಪ್ರಮಾಣಪತ್ರ, ಗ್ರೂಪ್ ಫೋಟೋ. ವರದಿಯಲ್ಲಿ ‘ಮಾಡಿ ಕಲಿಯುವ ಕಾರ್ಯಾಗಾರ’ ಎಂದು ಬರೆಯುತ್ತಾರೆ. ಹಾಲ್‌ನಲ್ಲಿ ಕೂತಿದ್ದ ಮಕ್ಕಳಲ್ಲಿ ಹೆಚ್ಚಿನವರು ಏನನ್ನೂ ಮುಟ್ಟಿರುವುದಿಲ್ಲ.

ಪ್ರದರ್ಶನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಒಳ್ಳೆಯ ಇತಿಹಾಸ ಇದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕ್ರಿಸ್‌ಮಸ್ ಸಮಯದಲ್ಲಿ ಎಳೆಯರಿಗಾಗಿ ವಿಜ್ಞಾನ ಉಪನ್ಯಾಸ ಕೊಡುವ ರೂಢಿ 1825ರಲ್ಲೇ ಶುರುವಾಯಿತು. ಅಲ್ಲಿ ಮೈಕೆಲ್ ಫ್ಯಾರಡೆ ಬರೀ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಉಪನ್ಯಾಸ ಮಾಲೆಯನ್ನೇ ನಡೆಸಿದರು. ಆದರೆ ಆ ಫ್ಯಾರಡೆ ಬೆಳೆದ ದಾರಿ ನೋಡಿ. ಬಡ ಮನೆಯ ಹುಡುಗ. ಬುಕ್ ಬೈಂಡಿಂಗ್ ಕೆಲಸ ಕಲಿಯಲು ಸೇರಿದವರು. ಬೈಂಡಿಂಗ್‌ಗೆ ಬಂದ ವಿಜ್ಞಾನದ ಪುಸ್ತಕಗಳನ್ನು ಓದಿ, ಅದರಲ್ಲಿದ್ದ ಪ್ರಯೋಗಗಳನ್ನು ಕೈಗೆಟಕುವ ಮಟ್ಟಿಗೆ ತಾವೇ ಮಾಡಿ ನೋಡುತ್ತಿದ್ದರು. ರಸಾಯನ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಹೋಗಿ ಕೂತದ್ದು ಆಮೇಲೆ. ಕೈ ಆಗಲೇ ಪಳಗಿತ್ತು. ಹಾಗಾಗಿ ಅಲ್ಲಿ ನೋಡಿದ್ದೆಲ್ಲ ಅವರಿಗೆ ದಕ್ಕಿತು. ನಾವು ಮೊದಲಿನದ್ದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮಕ್ಕಳಿಗೆ ಕೊಡುತ್ತಿದ್ದೇವೆ.

ಪ್ರದರ್ಶನ ಮಾಡುವುದಾದರೆ ಮಾಡಿ. ಅದನ್ನು ಪ್ರದರ್ಶನ ಎಂದೇ ಕರೆಯಿರಿ. ಆದರೆ ಮಕ್ಕಳು ಮಾಡಿ ಕಲಿಯಲಿ ಎಂದು ತೆಗೆದಿಟ್ಟ ಹಣ ಮತ್ತು ಸಮಯ ಅದಕ್ಕೆ ಹೋಗಬಾರದು.

ನೋಡುವುದಕ್ಕೂ ಮಾಡುವುದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ ಎಂದು ಕೇಳುವವರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಒಂದು 1.5 ವೋಲ್ಟ್ ಸೆಲ್, ಒಂದು ಹಳೇ ಟಾರ್ಚ್ ಬಲ್ಬ್, ಒಂದೇ ಒಂದು ತುಂಡು ವೈರ್. ಬಲ್ಬ್ ಹೊತ್ತಿಸಬೇಕು. ಅಷ್ಟೇ. ನಾಲ್ಕನೇ ಕ್ಲಾಸಿನ ಮಕ್ಕಳ ಕೈಗೆ ಇದನ್ನು ಕೊಟ್ಟು ಬಾಯಿ ಮುಚ್ಚಿಕೊಂಡು ನಿಂತರೆ ಏನಾಗುತ್ತದೆ ಗೊತ್ತಾ? ಮೊದಲು ಬಹುತೇಕ ಎಲ್ಲರೂ ಸೆಲ್‌ನ ಮೇಲ್ತುದಿಗೆ ಬಲ್ಬ್ ಒತ್ತಿ ಹಿಡಿಯುತ್ತಾರೆ. ಹೊತ್ತುವುದಿಲ್ಲ. ನಡುವೆ ವೈರ್ ಸೇರಿಸುತ್ತಾರೆ. ಹೊತ್ತುವುದಿಲ್ಲ. ಒತ್ತಿದ್ದು ಸಾಲದೇನೋ ಎಂದು ಇನ್ನೂ ಜೋರಾಗಿ ಒತ್ತುತ್ತಾರೆ. ಸೆಲ್ ಕೆಟ್ಟಿದೆ ಎಂದು ಪಕ್ಕದವರದ್ದು ಕೇಳುತ್ತಾರೆ. ಯಾರೋ ಒಬ್ಬರು ಸೆಲ್ ತಲೆಕೆಳಗು ಮಾಡುತ್ತಾರೆ. ಮತ್ಯಾರೋ ಸೆಲ್‌ನ ಎರಡೂ ತುದಿಗೆ ವೈರ್ ಸೇರಿಸಿ, ‘ಅಯ್ಯೋ ಬಿಸಿ’ ಎಂದು ಬಿಡುತ್ತಾರೆ. ಅದೂ ಒಂದು ಕಲಿಕೆ.

ಇದೆಲ್ಲ ಆದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ಬಲ್ಬ್ ಹೊತ್ತುತ್ತದೆ. ಎಲ್ಲರೂ ಅತ್ತ ಓಡುತ್ತಾರೆ. ‘ಹೆಂಗ್ ಮಾಡ್ದೆ? ತೋರ್ಸು’ ಎನ್ನುತ್ತಾರೆ. ಆಗ ಮಕ್ಕಳು ಬಲ್ಬನ್ನು ಮೊದಲ ಸಲ ಸರಿಯಾಗಿ ನೋಡುತ್ತಾರೆ. ಒಂದು ಜಾಗ ತಳದ ಚುಕ್ಕಿ, ಇನ್ನೊಂದು ಪಕ್ಕದ ಲೋಹದ ಕವಚ. ಎರಡೂ ಮುಟ್ಟಬೇಕು. ಬಲ್ಬಿನ ಒಳಗಿರುವ ಎಳೆಯ ಒಂದು ತುದಿ ತಳಕ್ಕೂ, ಇನ್ನೊಂದು ತುದಿ ಪಕ್ಕಕ್ಕೂ ಸೇರಿರುತ್ತದೆ. ಕರೆಂಟ್ ಒಂದು ಕಡೆಯಿಂದ ಬಂದು ಸುಮ್ನೆ ಮುಗಿದುಹೋಗುವುದಿಲ್ಲ, ಸುತ್ತು ಪೂರ್ತಿಯಾಗಬೇಕು ಎನ್ನುವುದು ಆಗ ತಿಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿದರೆ ಎರಡು ನಿಮಿಷ ಸಾಕು. ಆದರೆ ಹೇಳಿ ಕೊಟ್ಟದ್ದು ಉಳಿಯುತ್ತದೆಯೇ? ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆದು ಹೊರಬರುತ್ತಿದ್ದವರ ಕೈಗೆ ಇದೇ ಸೆಲ್, ಬಲ್ಬ್, ವೈರ್ ಕೊಟ್ಟು ಕ್ಯಾಮೆರಾ ಮುಂದೆ ಕೇಳಿದ್ದರು. ಹಲವರಿಗೆ ಹೊತ್ತಿಸಲು ಆಗಲಿಲ್ಲ. ವಿದ್ಯುತ್ತಿನ ಪಾಠ ಓದಿ, ಪರೀಕ್ಷೆ ಬರೆದು ಪಾಸಾದವರು ಅವರು.

ಕಿಟ್ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಈಗ ಬರುವ ಎಷ್ಟೋ ಕಿಟ್‌ಗಳಲ್ಲಿ ಟಾರ್ಚ್ ಬಲ್ಬಿನ ಬದಲು ಎಲ್‌ಇಡಿ ಇಟ್ಟಿರುತ್ತಾರೆ. ಎಲ್‌ಇಡಿ ಚೆಂದವೇ. ಆದರೆ ಅದು ಒಂದು ದಿಕ್ಕಿನಲ್ಲಿ ಜೋಡಿಸಿದರೆ ಮಾತ್ರ ಹೊತ್ತುತ್ತದೆ. ಕೆಂಪು ಎಲ್‌ಇಡಿಗೆ ಹತ್ತಿರ ಹತ್ತಿರ 2 ವೋಲ್ಟ್ ಬೇಕು, ಬಿಳಿಯದಕ್ಕೆ ಸುಮಾರು 3. ಒಂದು ಸೆಲ್ ಸಾಲುವುದಿಲ್ಲ. ಮಗು ಎಲ್ಲವನ್ನೂ ಸರಿಯಾಗಿ ಜೋಡಿಸಿದರೂ ಬೆಳಕು ಬರುವುದಿಲ್ಲ. ಸರಿಯಾಗಿ ಮಾಡಿಯೂ ಸೋತ ಮಗು ತಾನೇ ದಡ್ಡ ಎಂದುಕೊಳ್ಳುತ್ತದೆ. ಮೊದಲ ಪಾಠಕ್ಕೆ ಎಳೆ ಇರುವ ಹಳೇ ಬಲ್ಬೇ ಬೇಕು. ಎಲ್‌ಇಡಿ ಎರಡನೇ ವಾರಕ್ಕೆ ಇರಲಿ.

ಮಕ್ಕಳು ಖಾಲಿ ತಲೆಯಲ್ಲಿ ಬರುವುದಿಲ್ಲ. ಅವರಿಗೆ ಪ್ರತಿಯೊಂದರ ಬಗ್ಗೆಯೂ ತಮ್ಮದೇ ಒಂದು ವಿವರಣೆ ಇರುತ್ತದೆ. ಅದನ್ನು ಅವರು ದಿನವೂ ಕಂಡದ್ದರಿಂದಲೇ ಕಟ್ಟಿಕೊಂಡಿರುತ್ತಾರೆ. ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ, ಹಾಗಾಗಿ ಕಂಬಳಿಯಲ್ಲಿ ಬಿಸಿ ಇದೆ ಎಂಬುದು ಅಂಥ ಒಂದು. ಒಂದೇ ಅಳತೆಯ ಎರಡು ಐಸ್ ತುಂಡು ತೆಗೆದುಕೊಳ್ಳಿ. ಒಂದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ಯಾವುದು ಮೊದಲು ಕರಗುತ್ತದೆ ಎಂದು ಕೇಳಿ. ಸುತ್ತಿದ್ದೇ ಮೊದಲು ಕರಗುತ್ತದೆ ಎಂದು ತರಗತಿಗೆ ತರಗತಿಯೇ ಕೂಗುತ್ತದೆ. ಅರ್ಧ ಗಂಟೆ ಬಿಟ್ಟು ಬಿಚ್ಚಿ ನೋಡಿದಾಗ ಬಟ್ಟೆಯೊಳಗಿನ ತುಂಡು ದೊಡ್ಡದಾಗಿ ಉಳಿದಿರುತ್ತದೆ. ಆಗ ಬರುವ ಮೌನ, ಆಮೇಲೆ ಶುರುವಾಗುವ ಜಗಳ, ಆ ಜಗಳವೇ ವಿಜ್ಞಾನದ ತರಗತಿ. ‘ಉಣ್ಣೆ ಬಿಸಿ ಕೊಡಲ್ಲ, ತಡೀತದೆ’ ಎಂದು ಒಂದು ಹುಡುಗಿ ಹೇಳಿದರೆ, ಅದು ಅವಳೇ ಕಂಡುಕೊಂಡ ಮಾತು.

ಇದಕ್ಕೆ ಒಂದು ಷರತ್ತಿದೆ. ಪ್ರಯೋಗಕ್ಕೆ ಮುಂಚೆ ಪ್ರತಿ ಮಗುವೂ ‘ಹೀಗಾಗುತ್ತದೆ’ ಎಂದು ಬರೆದಿಡಬೇಕು. ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಬಹುದು, ಕೈ ಎತ್ತಬಹುದು. ಊಹೆ ಮಾಡದೆ ನೋಡಿದರೆ ಎಲ್ಲವೂ ಮೊದಲೇ ಗೊತ್ತಿತ್ತು ಅನಿಸಿಬಿಡುತ್ತದೆ. ಊಹೆ ಮಾಡಿ ನೋಡಿದರೆ ಫಲಿತಾಂಶ ತನ್ನದಾಗುತ್ತದೆ. ಮತ್ತೆ, ಊಹೆ ತಪ್ಪಾದ ಮಗುವಿಗೆ ಯಾರೂ ನಗಬಾರದು, ಅಂಕ ಕಡಿಮೆ ಆಗಬಾರದು. ಇದನ್ನು ಕಾಪಾಡುವುದು ದೊಡ್ಡವರ ಕೆಲಸ.

ಈಗ ಒಂದು ನೋವಿನ ವಿಷಯ. ಕಾರ್ಯಾಗಾರಗಳಲ್ಲಿ ಹೇಳಿಕೊಡುವ ವಿವರಣೆಗಳೇ ಎಷ್ಟೋ ಸಲ ತಪ್ಪಾಗಿರುತ್ತವೆ. ಎಲ್ಲರಿಗೂ ಗೊತ್ತಿರುವ ಮೇಣದ ಬತ್ತಿಯ ಪ್ರಯೋಗ ತೆಗೆದುಕೊಳ್ಳಿ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯಲ್ಲಿದ್ದ ಆಮ್ಲಜನಕ ಖರ್ಚಾಯಿತು, ಅದರ ಜಾಗಕ್ಕೆ ನೀರು ಬಂತು, ಹಾಗಾಗಿ ಆಮ್ಲಜನಕ ಐದನೇ ಒಂದು ಭಾಗ’ ಎಂದು ಹೇಳಿ ಮುಗಿಸುತ್ತಾರೆ. ಕೇಳಲು ಎಷ್ಟು ಅಚ್ಚುಕಟ್ಟು ಅಲ್ವಾ? ಆದರೆ ಅದು ಸರಿಯಲ್ಲ.

ಮಕ್ಕಳ ಕಣ್ಣು ನಮಗಿಂತ ಚುರುಕು. ಅವರನ್ನು ನೋಡಲು ಬಿಟ್ಟರೆ ಮೂರು ವಿಷಯ ಹಿಡಿಯುತ್ತಾರೆ. ಲೋಟ ಇಡುವಾಗ ಅಂಚಿನಿಂದ ಗುಳ್ಳೆಗಳು ಹೊರಗೆ ಹೋಗುತ್ತವೆ. ಬತ್ತಿ ಉರಿಯುವಾಗ ನೀರು ಅಷ್ಟಾಗಿ ಏರುವುದಿಲ್ಲ, ಆರಿದ ಮೇಲೆ ಸರ್ರನೆ ಏರುತ್ತದೆ. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಲೋಟ ಅದೇ, ಗಾಳಿ ಅಷ್ಟೇ, ಆಮ್ಲಜನಕ ಅಷ್ಟೇ. ಹಾಗಾದರೆ ನೀರು ಜಾಸ್ತಿ ಏರಿದ್ದು ಯಾಕೆ? ಮುಖ್ಯ ಕಾರಣ ಬಿಸಿ. ಉರಿಯಿಂದ ಲೋಟದೊಳಗಿನ ಗಾಳಿ ಕಾದು ಹಿಗ್ಗುತ್ತದೆ, ಸ್ವಲ್ಪ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕವಂತೂ ಪೂರ್ತಿ ಖಾಲಿಯಾಗಿರುವುದೇ ಇಲ್ಲ. ಗಾಳಿಯಲ್ಲಿ ಶೇಕಡಾ 21ರಷ್ಟು ಇದ್ದದ್ದು ಸುಮಾರು 16ಕ್ಕೆ ಇಳಿಯುವಷ್ಟರಲ್ಲೇ ಬತ್ತಿ ಆರಿಹೋಗುತ್ತದೆ. ಖರ್ಚಾದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್, ನೀರಾವಿ ಹುಟ್ಟಿರುತ್ತವೆ.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಎಂದರೆ, ಈ ತಪ್ಪು ವಿವರಣೆ ವರ್ಷಾನುಗಟ್ಟಲೆ ಉಳಿದಿರುವುದೇ ಮಕ್ಕಳಿಗೆ ಪ್ರಯೋಗವನ್ನು ಬದಲಿಸಿ ನೋಡಲು ಬಿಡದ ಕಾರಣಕ್ಕೆ. ‘ಬತ್ತಿ ಇನ್ನೊಂದು ಇಟ್ರೆ?’ ಎಂದು ಒಂದು ಮಗು ಕೇಳುತ್ತದೆ. ‘ಮಾಡಿ ನೋಡು’ ಎನ್ನಬೇಕಿತ್ತು. ‘ಸಮಯ ಇಲ್ಲ, ಕೂತ್ಕೋ’ ಎನ್ನುತ್ತೇವೆ. ಅಡುಗೆ ಸೋಡಾ, ವಿನೆಗರ್ ಹಾಕಿ ಮಾಡುವ ಜ್ವಾಲಾಮುಖಿಯದ್ದೂ ಇದೇ ಕಥೆ. ನೊರೆ ಉಕ್ಕುತ್ತದೆ, ಸರಿ. ಆದರೆ ನಿಜವಾದ ಜ್ವಾಲಾಮುಖಿಗೂ ಅದಕ್ಕೂ ಸಂಬಂಧ ಇಲ್ಲ. ಮಣ್ಣಿನ ಗುಡ್ಡ ಬಿಟ್ಟು ಅದೇ ಸೋಡಾ, ವಿನೆಗರ್ ಅನ್ನು ಒಂದು ಬಾಟಲಿಯಲ್ಲಿ ಹಾಕಿ, ಬಾಯಿಗೆ ಬಲೂನ್ ಸಿಕ್ಕಿಸಿ, ಸೋಡಾ ಎಷ್ಟು ಹಾಕಿದರೆ ಬಲೂನ್ ಎಷ್ಟು ಉಬ್ಬುತ್ತದೆ ಎಂದು ಮಕ್ಕಳು ಅಳೆಯಲಿ. ಸೋಡಾ ಹೆಚ್ಚಿಸುತ್ತಾ ಹೋದರೂ ಒಂದು ಹಂತದ ನಂತರ ಬಲೂನ್ ಇನ್ನಷ್ಟು ಉಬ್ಬುವುದಿಲ್ಲ. ಯಾಕೆ? ಆ ‘ಯಾಕೆ’ಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆಯುತ್ತದೆ.

ಅಂದರೆ ಬೇಕಾದದ್ದು ಸಮಯ. ಒಂದೇ ದಿನದ ಕಾರ್ಯಾಗಾರಕ್ಕೆ ನಾನು ಒಪ್ಪದಿರುವುದು ಇದಕ್ಕೇ. ಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟರೆ ಮೊಳಕೆ ಬರಲು ಎರಡು ಮೂರು ದಿನವಾದರೂ ಬೇಕು. ಕತ್ತಲಲ್ಲಿಟ್ಟ ಕಾಳು ಮೊಳೆಯುವುದಿಲ್ಲ ಎಂದು ಮಕ್ಕಳು ನಂಬಿರುತ್ತಾರೆ. ಅದು ಮೊಳೆಯುವುದಷ್ಟೇ ಅಲ್ಲ, ಬೆಳಕಿನಲ್ಲಿಟ್ಟದ್ದಕ್ಕಿಂತ ಉದ್ದಕ್ಕೆ, ಬಿಳಿಚಿಕೊಂಡು, ಸಣಕಲಾಗಿ ಬೆಳೆಯುವುದನ್ನು ನೋಡಲು ಒಂದು ವಾರ ಬೇಕು. ಕಾಳನ್ನು ತಲೆಕೆಳಗಾಗಿ ಇಟ್ಟರೂ ಬೇರು ಬಾಗಿ ಕೆಳಗೇ ಹೋಗುವುದನ್ನು ನೋಡಲೂ ಅಷ್ಟೇ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ, ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡು ಗಂಟೆಗೇ ಬೀಳಬೇಕೆಂದಿಲ್ಲ ಎನ್ನುವುದು ತಿಳಿಯುತ್ತದೆ. ಅದಕ್ಕೆ ಒಂದು ಬಿಸಿಲಿನ ದಿನ ಬೇಕು. ತಿಂಗಳು ಬಿಟ್ಟು ಮತ್ತೆ ಅಳೆದರೆ ಆ ನೆರಳೂ ಬದಲಾಗಿರುತ್ತದೆ.

ಅಮೆರಿಕದ ಡೇವಿಡ್ ಹಾಕಿನ್ಸ್ 1960ರ ದಶಕದಲ್ಲಿ ಪ್ರಾಥಮಿಕ ಶಾಲೆಯ ವಿಜ್ಞಾನ ಕಲಿಕೆಯ ಬಗ್ಗೆ ಕೆಲಸ ಮಾಡಿದವರು. ಮಕ್ಕಳಿಗೆ ಲೋಲಕಗಳನ್ನು ಕೊಟ್ಟು, ಯಾವ ಸೂಚನೆಯೂ ಇಲ್ಲದೆ ಆಡಲು ಬಿಟ್ಟರು. ಆ ಹಂತಕ್ಕೆ ಕೆಲವು ಗಂಟೆಗಳು ಸಾಕು ಎಂದುಕೊಂಡರೆ ಮಕ್ಕಳು ವಾರಗಟ್ಟಲೆ ತೆಗೆದುಕೊಂಡರು. ಆ ಸಮಯ ವ್ಯರ್ಥವಾಗಲಿಲ್ಲ, ಮುಂದಿನ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು ಎಂದು ಅವರು 1965ರಲ್ಲಿ ಬರೆದರು. ಲೋಲಕಕ್ಕೆ ಬೇಕಾದದ್ದು ದಾರ ಮತ್ತು ಒಂದು ಕಲ್ಲು. ಭಾರದ ಕಲ್ಲು ಬೇಗ ತೂಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಲ್ಲು ಬದಲಿಸಿದರೆ ಏನೂ ಬದಲಾಗುವುದಿಲ್ಲ. ದಾರದ ಉದ್ದ ಬದಲಿಸಿದರೆ ಬದಲಾಗುತ್ತದೆ. 1 ಮೀಟರ್ ದಾರಕ್ಕೆ ಹೋಗಿ ಬರಲು ಸುಮಾರು 2 ಸೆಕೆಂಡ್. 1 ಸೆಕೆಂಡ್ ಆಗಬೇಕಾದರೆ ದಾರವನ್ನು ಅರ್ಧ ಮಾಡಿದರೆ ಸಾಲದು, 25 ಸೆಂಟಿಮೀಟರಿಗೆ ಇಳಿಸಬೇಕು. ಐದನೇ ಕ್ಲಾಸಿನ ಮಗು ಇದನ್ನು ತಾನೇ ಕಂಡುಹಿಡಿಯಬಲ್ಲದು. ಒಂದು ದಿನದಲ್ಲಿ ಅಲ್ಲ.

ದೊಡ್ಡ ಮಟ್ಟದಲ್ಲಿ ಇದು ಆಗದ ಮಾತು ಎನ್ನುವವರಿದ್ದಾರೆ. ಆಗಿದೆ. ಕಣಗಳನ್ನು ಪತ್ತೆ ಹಚ್ಚುವ ಸಾಧನಗಳಿಗಾಗಿ 1992ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್, ಶಿಕಾಗೋದ ಬಡ ಬಡಾವಣೆಗಳ ಶಾಲೆಗಳಲ್ಲಿ ಮಕ್ಕಳು ಪ್ರಯೋಗ ಮಾಡುತ್ತಾ ಕಲಿಯುವುದನ್ನು ನೋಡಿ ಬಂದರು. ಅದನ್ನು ನಡೆಸುತ್ತಿದ್ದವರು ಇನ್ನೊಬ್ಬ ನೊಬೆಲ್ ವಿಜ್ಞಾನಿ ಲಿಯಾನ್ ಲೆಡರ್‌ಮನ್. ಶಾರ್ಪಾಕ್ 1996ರಲ್ಲಿ ಪಿಯೆರ್ ಲೆನಾ, ಇವ್ ಕೆರೆ ಎಂಬ ವಿಜ್ಞಾನಿಗಳ ಜೊತೆ ಸೇರಿ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಬೆಂಬಲದಿಂದ ಪ್ರಾಥಮಿಕ ಶಾಲೆಗಳಲ್ಲಿ ಇಂಥದ್ದೇ ಕೆಲಸ ಶುರು ಮಾಡಿದರು. ಅವರು ಹಾಕಿಕೊಂಡ ನಿಯಮಗಳಲ್ಲಿ ಎರಡನ್ನು ದಯವಿಟ್ಟು ಗಮನಿಸಿ. ವಾರಕ್ಕೆ ಕನಿಷ್ಠ ಎರಡು ಗಂಟೆ, ಒಂದೇ ವಿಷಯದ ಮೇಲೆ, ಹಲವು ವಾರ ಕೆಲಸ ಮಾಡಬೇಕು. ಪ್ರತಿ ಮಗುವಿಗೂ ಒಂದು ಪ್ರಯೋಗದ ನೋಟ್‌ಬುಕ್ ಇರಬೇಕು, ಅದರಲ್ಲಿ ತನ್ನ ಮಾತಿನಲ್ಲೇ ಬರೆಯಬೇಕು.

ಭಾರತದಲ್ಲೂ ಆಗಿದೆ. ಮಧ್ಯಪ್ರದೇಶದ ಹೊಷಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಿಂದ ಶುರುವಾದ ಕಾರ್ಯಕ್ರಮ ಮೂವತ್ತು ವರ್ಷ ನಡೆಯಿತು. ಮಕ್ಕಳು ಸ್ವಲ್ಪ ದೊಡ್ಡವರು, ಆರರಿಂದ ಎಂಟನೇ ಕ್ಲಾಸಿನವರು. ಅಲ್ಲಿ ಶಾಲೆಗೆ ಕಿಟ್ ಕೊಟ್ಟರು, ಶಿಕ್ಷಕರಿಗೆ ತರಬೇತಿ ಕೊಟ್ಟರು, ತಿಂಗಳಿಗೊಮ್ಮೆ ಶಿಕ್ಷಕರು ಸೇರಿ ಮಾತಾಡುವ ಏರ್ಪಾಡು ಮಾಡಿದರು. ಪರೀಕ್ಷೆಯನ್ನೂ ಬದಲಿಸಿದರು. ಪುಸ್ತಕ ತೆರೆದು ಬರೆಯಬಹುದಿತ್ತು, ಜೊತೆಗೆ ಪ್ರಯೋಗದ ಪರೀಕ್ಷೆಯೂ ಇತ್ತು. 2002ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದು ನಿಂತದ್ದಕ್ಕೆ ನನಗೆ ಇವತ್ತಿಗೂ ದುಃಖ ಇದೆ. ಆದರೆ ಸಾಮಾನ್ಯ ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕರಿಂದ ಇದು ಸಾಧ್ಯ ಎನ್ನುವುದು ಅಲ್ಲಿ ಸಾಬೀತಾಗಿದೆ.

ಶಿಕ್ಷಕರ ಮಾತು ಬಂತು. ಹೊರಗಿನಿಂದ ಬಂದವರು ವೇದಿಕೆ ಹತ್ತಿದಾಗ ತರಗತಿಯ ಟೀಚರ್ ಎಲ್ಲಿರುತ್ತಾರೆ, ಗಮನಿಸಿದ್ದೀರಾ? ಹಿಂದೆ ನಿಂತು ಮಕ್ಕಳನ್ನು ಸುಮ್ಮನಿರಿಸುತ್ತಿರುತ್ತಾರೆ, ಇಲ್ಲವೇ ಆಫೀಸಿನಲ್ಲಿ ಬಾಕಿ ಉಳಿದ ದಾಖಲೆ ತುಂಬುತ್ತಿರುತ್ತಾರೆ. ಇದು ತುಂಬಾ ದೊಡ್ಡ ನಷ್ಟ. ನಾವು ಬಂದು ಹೋಗುವವರು. ಮರುದಿನ ಮಗು ‘ಮಿಸ್, ಇದು ಯಾಕೆ ಹೀಗೆ?’ ಎಂದು ಕೇಳುವುದು ಅವರನ್ನೇ. ಆದ್ದರಿಂದ ಕಾರ್ಯಾಗಾರ ಮೊದಲು ನಡೆಯಬೇಕಾದದ್ದು ಟೀಚರ್‌ಗಳಿಗೆ. ಅವರೂ ಸೆಲ್, ಬಲ್ಬ್ ಹಿಡಿದು ಒದ್ದಾಡಬೇಕು. ಆಮೇಲೆ ಮಕ್ಕಳ ಜೊತೆ ಅವರೇ ನಡೆಸಬೇಕು, ನಾವು ಪಕ್ಕದಲ್ಲಿ ಕೂರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಮಾಡುವುದು ಎಂಬ ಭಯ ಅವರಿಗೆ ಇದ್ದೇ ಇರುತ್ತದೆ. ಆಯಸ್ಕಾಂತಕ್ಕೆ ಕಬ್ಬಿಣ ಅಂಟುತ್ತದೆ, ತಾಮ್ರ, ಅಲ್ಯೂಮಿನಿಯಂ ಅಂಟುವುದಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಂದು ಮಗು ಎರಡು ಸ್ಟೀಲ್ ಚಮಚ ತರುತ್ತದೆ. ಒಂದು ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ! ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹಲವು ಬಗೆ ಇವೆ, ನಿಕಲ್ ಹೆಚ್ಚಿರುವ ಕೆಲವು ಬಗೆಗಳು ಅಂಟುವುದಿಲ್ಲ. ಆ ಕ್ಷಣಕ್ಕೆ ಇದು ಗೊತ್ತಿಲ್ಲದಿದ್ದರೆ ಆಕಾಶವೇನೂ ಬೀಳುವುದಿಲ್ಲ. ‘ನನಗೂ ಗೊತ್ತಿಲ್ಲ, ಇನ್ನಷ್ಟು ಚಮಚ ತಂದು ನೋಡೋಣ’ ಎಂದು ಟೀಚರ್ ಹೇಳಿದರೆ ಮಕ್ಕಳು ಅವರನ್ನು ಇನ್ನೂ ಹೆಚ್ಚು ಗೌರವಿಸುತ್ತಾರೆ. ಹಾಗೆ ಹೇಳುವ ಧೈರ್ಯ ಬರಬೇಕಾದರೆ ಮೇಲಿನವರು, ಅಂದರೆ ನೀವು, ಅದನ್ನು ಒಪ್ಪಿಕೊಳ್ಳಬೇಕು. ತಪಾಸಣೆಗೆ ಬಂದಾಗ ಗದ್ದಲದ ತರಗತಿಯನ್ನು ನೋಡಿ ಶಿಸ್ತಿಲ್ಲ ಎಂದು ಬರೆಯಬೇಡಿ.

ಇನ್ನು ಸಾಮಾನಿನ ವಿಷಯ. ಇಬ್ಬರು ಮಕ್ಕಳಿಗೆ ಒಂದು ಸೆಟ್. ಹೆಚ್ಚೆಂದರೆ ಮೂವರಿಗೆ. ಆರು ಜನರ ಗುಂಪಿಗೆ ಒಂದು ಸೆಟ್ ಕೊಟ್ಟರೆ ಇಬ್ಬರು ಮಾಡುತ್ತಾರೆ, ಇಬ್ಬರು ನೋಡುತ್ತಾರೆ, ಇಬ್ಬರು ಕಿಟಕಿಯಾಚೆ ನೋಡುತ್ತಾರೆ. ಹುಡುಗರು ಹುಡುಗಿಯರು ಸೇರಿದ ಗುಂಪುಗಳಲ್ಲಿ ಇನ್ನೊಂದು ನಡೆಯುತ್ತದೆ. ಸಾಮಾನು ಹುಡುಗನ ಕೈಯಲ್ಲಿ, ಪೆನ್ಸಿಲ್ ಹುಡುಗಿಯ ಕೈಯಲ್ಲಿ. ಅಕ್ಷರ ಚೆಂದ ಇದೆ ಎಂದು ಅವಳಿಗೆ ಬರೆಯುವ ಕೆಲಸ. ಯಾರೂ ಬೇಕೆಂದು ಮಾಡುವುದಿಲ್ಲ, ತಾನಾಗಿಯೇ ಆಗಿಬಿಡುತ್ತದೆ. ಹಾಗಾಗಿ ಕೆಲಸ ಹತ್ತು ನಿಮಿಷಕ್ಕೊಮ್ಮೆ ಬದಲಾಗಲೇಬೇಕು. ಕಣ್ಣು ಕಾಣದ ಮಗುವಿಗೂ ಇಲ್ಲಿ ಜಾಗ ಇದೆ. ಬಲ್ಬಿನ ಬದಲು ಸದ್ದು ಮಾಡುವ ಬಜರ್ ಜೋಡಿಸಿದರೆ ಆಯಿತು. ಲೋಲಕದ ಎಣಿಕೆಯಲ್ಲಂತೂ ಕೈಯಿಂದ ತಡವಿ ಎಣಿಸುವ ಮಗು ಉಳಿದವರಿಗಿಂತ ಕರಾರುವಾಕ್ಕಾಗಿ ಎಣಿಸಬಹುದು.

ಸುರಕ್ಷತೆಯಲ್ಲಿ ರಾಜಿ ಬೇಡ. ಇಲ್ಲಿ ನಾನು ಖಡಾಖಂಡಿತ. ನಾಣ್ಯದ ಆಕಾರದ ಬಟನ್ ಸೆಲ್ ಚಿಕ್ಕ ಮಕ್ಕಳ ಕಿಟ್‌ನಲ್ಲಿ ಇರಲೇಬಾರದು. ನುಂಗಿ ಗಂಟಲಿನ ಕೆಳಗೆ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗುತ್ತದೆ. ಗುಂಡಿಯಷ್ಟು ಸಣ್ಣ, ತುಂಬಾ ಶಕ್ತಿಯ ನಿಯೋಡಿಮಿಯಂ ಆಯಸ್ಕಾಂತಗಳೂ ಬೇಡ. ಎರಡು ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆಯಿಂದ ಒಂದಕ್ಕೊಂದು ಅಂಟಿಕೊಂಡು ಕರುಳಿಗೆ ತೂತು ಮಾಡಬಲ್ಲವು. ಬಣ್ಣದ ಬೆಂಕಿ ತೋರಿಸಲು ಮೆಥನಾಲ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರವವನ್ನು ಸುರಿದು ಹಚ್ಚುವ ಪ್ರದರ್ಶನಗಳಲ್ಲಿ ವಿದ್ಯಾರ್ಥಿಗಳು ಸುಟ್ಟುಕೊಂಡಿದ್ದಾರೆ. ಡ್ರೈ ಐಸನ್ನು, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡನ್ನು, ಮುಚ್ಚಿದ ಬಾಟಲಿಯಲ್ಲಿ ಹಾಕಿದರೆ ಬಾಟಲಿ ಸಿಡಿಯುತ್ತದೆ. ಪಾದರಸದ ಥರ್ಮಾಮೀಟರ್ ಬೇಡ. ಮೇಣದ ಬತ್ತಿ ಹಚ್ಚುವ ದಿನ ಕೂದಲು ಕಟ್ಟಿರಬೇಕು, ಪಕ್ಕದಲ್ಲಿ ಬಕೆಟ್ ನೀರು ಇರಬೇಕು, ಒಬ್ಬ ದೊಡ್ಡವರು ಅಲ್ಲೇ ಇರಬೇಕು. ಗಮನಿಸಿ, ದೊಡ್ಡ ಅಪಾಯಗಳಲ್ಲಿ ಎಷ್ಟೋ ವೇದಿಕೆಯ ಆ ಅಬ್ಬರದ ಪ್ರದರ್ಶನಗಳಲ್ಲೇ ಇವೆ. ದಾರ, ಕಲ್ಲು, ನೀರು, ಕಾಳು, ನೆರಳಿನಿಂದ ಯಾರಿಗೂ ಪೆಟ್ಟಾಗುವುದು ಕಷ್ಟ.

ಸ್ಪರ್ಧೆ, ಬಹುಮಾನಗಳನ್ನು ಈ ತರಗತಿಗಳಿಂದ ದೂರ ಇಡಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಬಲ್ಬ್ ಹೊತ್ತಿಸಿದವರಿಗೆ ಬಹುಮಾನ ಎಂದ ಕೂಡಲೇ ಆ ಮಗು ಪಕ್ಕದವರಿಗೆ ತೋರಿಸುವುದನ್ನು ನಿಲ್ಲಿಸುತ್ತದೆ. ಅಷ್ಟು ಸಾಕು.

ಹಾಗಾದರೆ ನಾನು ಕೇಳುತ್ತಿರುವುದೇನು? ಹಣ ಕೊಡುವವರಿಗೆ: ಒಂದು ದಿನದ ದೊಡ್ಡ ಕಾರ್ಯಕ್ರಮಕ್ಕೆ ಇಡುವ ಹಣವನ್ನು ಒಂದೇ ಶಾಲೆಯ ಒಂದು ತರಗತಿಗೆ, ಆರೆಂಟು ವಾರಗಳಿಗೆ ಹಂಚಿ. ಮಕ್ಕಳ ಸಂಖ್ಯೆ ವರದಿಯಲ್ಲಿ ಸಣ್ಣದಾಗಿ ಕಾಣುತ್ತದೆ. ಕಾಣಲಿ. ಕಾರ್ಯಕ್ರಮ ಮುಗಿದ ಮೇಲೆ ಫೋಟೋ ಕೇಳುವ ಬದಲು ಮಕ್ಕಳ ನೋಟ್‌ಬುಕ್ ತರಿಸಿ ನೋಡಿ. ಎಲ್ಲರ ನೋಟ್‌ಬುಕ್‌ನಲ್ಲೂ ಒಂದೇ ವಾಕ್ಯ, ಒಂದೇ ಚಿತ್ರ ಇದ್ದರೆ ಅಲ್ಲಿ ಬೋರ್ಡಿನಿಂದ ನಕಲು ನಡೆದಿದೆ. ಕಾಟು ಹಾಕಿದ ಊಹೆ, ಸೊಟ್ಟ ಚಿತ್ರ, ಹೊಂದಿಕೆಯಾಗದ ಅಳತೆ, ಅಂಚಿನಲ್ಲಿ ಬರೆದ ಪ್ರಶ್ನೆ ಕಂಡರೆ ನಿಮ್ಮ ಹಣ ಸರಿಯಾದ ಕಡೆ ಹೋಗಿದೆ.

ಮುಖ್ಯ ಶಿಕ್ಷಕರಿಗೆ: ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಕೊಡಿ. ನಲವತ್ತು ನಿಮಿಷದಲ್ಲಿ ಸಾಮಾನು ಹಂಚಿ, ವಾಪಸ್ ತೆಗೆದಿಡುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಕಿಟಕಿ ಪಕ್ಕದಲ್ಲಿ ಒಂದು ಮೇಜು ಬಿಟ್ಟುಕೊಡಿ, ಮೊಳಕೆ ಒಡೆದ ಕಾಳು ಅಲ್ಲೇ ಒಂದು ವಾರ ಇರಲಿ.

ಇಲಾಖೆಯ ಅಧಿಕಾರಿಗಳಿಗೆ ಒಂದು ಆದೇಶ ಕೇಳುತ್ತೇನೆ. ಎಷ್ಟೋ ಶಾಲೆಗಳಲ್ಲಿ ವಿಜ್ಞಾನದ ಕಿಟ್ ಇದೆ. ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಕಾರಣ ಸೋಮಾರಿತನ ಅಲ್ಲ, ಭಯ. ಸಾಮಾನು ದಾಸ್ತಾನು ಪುಸ್ತಕಕ್ಕೆ ಏರಿರುತ್ತದೆ. ಒಂದು ಲೋಟ ಒಡೆದರೆ, ಬಲ್ಬ್ ಸುಟ್ಟರೆ, ಭೂತಗನ್ನಡಿ ಕಳೆದರೆ ಲೆಕ್ಕ ಕೊಡಬೇಕಾದವರು ಟೀಚರ್. ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ, ಕೈಯಿಂದ ಕಟ್ಟಬೇಕಾಗುತ್ತದೆ ಎಂಬ ಆತಂಕದಲ್ಲಿ ಯಾರು ತಾನೇ ಬೀಗ ತೆಗೆಯುತ್ತಾರೆ? ಸೆಲ್, ಬಲ್ಬ್, ವೈರ್, ಬತ್ತಿ, ಬಲೂನ್, ಗಾಜಿನ ಲೋಟ, ಮಸೂರ, ಇವೆಲ್ಲ ಬಳಸಿ ಮುಗಿಯುವ ಸಾಮಾನು ಎಂದು ಬರಹದಲ್ಲಿ ಹೇಳಿ. ವರ್ಷದಲ್ಲಿ ಇಂತಿಷ್ಟು ಒಡೆಯುವುದು, ಕಳೆಯುವುದು ಸಹಜ, ಅದಕ್ಕೆ ಯಾವ ಶಿಕ್ಷಕರೂ ಹೊಣೆಯಲ್ಲ ಎಂದು ಸುತ್ತೋಲೆ ಹೊರಡಿಸಿ. ಮತ್ತೆ ತುಂಬಿಸಿಕೊಳ್ಳಲು ಶಾಲೆಗೇ ಸಣ್ಣ ಮೊತ್ತ ಕೊಡಿ, ರಸೀದಿ ಸಾಕು ಎನ್ನಿ. ಈ ಸುತ್ತೋಲೆಗೆ ಒಂದು ಪುಟ ಸಾಕು. ಮುಂದಿನ ಶಾಲಾ ವರ್ಷ ಶುರುವಾಗುವ ಮುಂಚೆ ಅದು ಶಾಲೆಗಳನ್ನು ತಲುಪಲಿ ಎಂದು ಕೋರುತ್ತೇನೆ. ಬೀರುವಿನ ಕೀಲಿ ತರಗತಿಯ ಟೀಚರ್ ಕೈಯಲ್ಲೇ ಇರಲಿ ಎಂಬ ಸಾಲನ್ನೂ ಅದರಲ್ಲಿ ಸೇರಿಸಿ.

ವಿಶ್ವಾಸದಿಂದ,

ಮಕ್ಕಳ ಜೊತೆ ಪ್ರಯೋಗ ಮಾಡಿಸುವ ಒಬ್ಬ ಕಾರ್ಯಕರ್ತೆ